ಟೈಮರ್ ಇಟ್ಟುಕೊಂಡು ಕಾದಂಬರಿ ಬರೆಯುವುದು ಹೇಗೆ: ನಿಂತುಹೋದ ಡ್ರಾಫ್ಟ್ ಮುಂದೆ ಸಾಗಿಸಲು ಹಂತ ಹಂತದ ದಾರಿ

"ಕಾದಂಬರಿ ಶುರು ಮಾಡಿದ್ದೇನೆ, ಮೂರ್ನಾಲ್ಕು ಅಧ್ಯಾಯ ಆಗಿದೆ, ಆಮೇಲೆ ಮುಂದಕ್ಕೆ ಹೋಗ್ತಾನೇ ಇಲ್ಲ. ಟೈಮರ್ ಇಟ್ಟುಕೊಂಡು ಬರೆದರೆ ಉಪಯೋಗ ಆಗುತ್ತಾ?" ಈ ಪ್ರಶ್ನೆಯನ್ನು ಓದುಗರು ಬೇರೆ ಬೇರೆ ಮಾತಲ್ಲಿ ಕೇಳುತ್ತಲೇ ಇರುತ್ತಾರೆ. ಇನ್ನು ಕೆಲವರು ಈಗಾಗಲೇ ಮಾಡಿ ನೋಡಿ, ಎರಡು ವಾರಕ್ಕೆ ಕೈಬಿಟ್ಟು, "ಇದು ನಮಗೆ ಆಗಿಬರಲ್ಲ" ಎಂದು ತೀರ್ಮಾನಿಸಿದವರು. ಇಬ್ಬರಿಗೂ ಸೇರಿಸಿ ಇಲ್ಲಿ ಉತ್ತರ ಬರೆಯುತ್ತಿದ್ದೇನೆ.

ಉಪಯೋಗ ಖಂಡಿತ ಆಗುತ್ತದೆ. ಆದರೆ ಟೈಮರ್ ಒತ್ತಿದ ಮೇಲಿನ ಇಪ್ಪತ್ತು ನಿಮಿಷಕ್ಕಿಂತ, ಒತ್ತುವ ಮುಂಚಿನ ಐದು ನಿಮಿಷದಲ್ಲಿ ನೀವು ಏನು ಮಾಡುತ್ತೀರಿ ಎನ್ನುವುದೇ ಮುಖ್ಯ. ಕೈಬಿಟ್ಟವರ ಮಾತು ಕೇಳಿದಾಗೆಲ್ಲ ನನಗೆ ಕಾಣುವುದು ಒಂದೇ: ಅವರು ಆ ಐದು ನಿಮಿಷವನ್ನು ಹಾರಿಸಿ ನೇರ ಓಟಕ್ಕೆ ಇಳಿದಿರುತ್ತಾರೆ. ಹಾಗಾಗಿ 3ನೇ ಹಂತವನ್ನು ದಯವಿಟ್ಟು ಹಾರಿಸಬೇಡಿ.

ಮೊದಲು, ಇದು ಏನು ಅಂತ

ಸಮಯ ಕಟ್ಟಿ ಬರೆಯುವುದರಲ್ಲಿ ಎರಡು ಬಗೆ ಇದೆ. ಒಂದು ಚಿಕ್ಕದು. ಹತ್ತರಿಂದ ಮೂವತ್ತು ನಿಮಿಷ ಟೈಮರ್ ಇಟ್ಟು, ಅದು ಹೊಡೆದುಕೊಳ್ಳುವ ತನಕ ಬರೆಯುವುದು ಬಿಟ್ಟು ಬೇರೇನೂ ಮಾಡದಿರುವುದು. ಇದಕ್ಕೆ ಸ್ಪ್ರಿಂಟ್ ಅನ್ನುತ್ತಾರೆ. ನಾನು ಇಲ್ಲಿ ಸುತ್ತು ಎಂದೇ ಕರೆಯುತ್ತೇನೆ. ಇನ್ನೊಂದು ದೊಡ್ಡದು. ಒಂದು ತಿಂಗಳು, ಇಲ್ಲವೇ ಒಂದು ವಾರಾಂತ್ಯ, ಇಷ್ಟು ಪದ ಬರೆದೇ ಬರೆಯುತ್ತೇನೆ ಎಂದು ಹಟ ತೊಡುವುದು.

ದೊಡ್ಡ ಬಗೆಯಲ್ಲಿ ಹೆಚ್ಚು ಕೇಳಿಬರುವ ಹೆಸರು ನ್ಯಾನೋರೈಮೋ, ಅಂದರೆ ಒಂದೇ ತಿಂಗಳಲ್ಲಿ ಕಾದಂಬರಿಯ ಡ್ರಾಫ್ಟ್ ಬರೆಯುವ ಸವಾಲು. 1999ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಕ್ರಿಸ್ ಬೇಟಿ ಎಂಬುವರು 21 ಜನರ ಗುಂಪು ಕಟ್ಟಿಕೊಂಡು ಶುರು ಮಾಡಿದರು. ಮರುವರ್ಷದಿಂದ ಅದು ನವೆಂಬರ್ ತಿಂಗಳಿಗೆ ಬಂತು. ಗುರಿ 30 ದಿನದಲ್ಲಿ 50,000 ಪದ. ಅದನ್ನು ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಬಾಗಿಲು ಹಾಕುವುದಾಗಿ ಹೇಳಿತು. ಆದರೆ ಒಂದು ತಿಂಗಳು ಕೂತು ಬರೆಯಲು ಯಾವ ಸಂಸ್ಥೆಯ ಅಪ್ಪಣೆಯೂ ಬೇಡ, ಅಲ್ವಾ? ಕ್ಯಾಲೆಂಡರ್ ಇದ್ದರೆ ಸಾಕು.

ಚಿಕ್ಕ ಬಗೆ ಇನ್ನೂ ಹಳೆಯದು. 19ನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಆಂಥೊನಿ ಟ್ರೊಲೋಪ್ ಅಂಚೆ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ಸಾಲು ಸಾಲು ಕಾದಂಬರಿ ಬರೆದವರು. ಬೆಳಗ್ಗೆ 5.30ಕ್ಕೆ ಮೇಜಿನ ಮುಂದೆ ಕೂತು, ಎದುರಿಗೆ ಗಡಿಯಾರ ಇಟ್ಟುಕೊಂಡು, ಕಾಲು ಗಂಟೆಗೆ 250 ಪದ ಎಂಬ ಲೆಕ್ಕದಲ್ಲಿ ಬರೆಯುತ್ತಿದ್ದರು ಎಂದು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಎಲ್ಲರೂ ಆ 250ರ ಬಗ್ಗೆ ಮಾತಾಡುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಬೇರೆ: ದಿನದ ಮೂರು ಗಂಟೆಯಲ್ಲಿ ಮೊದಲ ಅರ್ಧ ಗಂಟೆಯನ್ನು ಅವರು ಹಿಂದಿನ ದಿನ ಬರೆದದ್ದನ್ನು ಓದಲು ಇಡುತ್ತಿದ್ದರು. ಗಡಿಯಾರದ ಲೆಕ್ಕ ಶುರುವಾಗುತ್ತಿದ್ದದ್ದು ಅದರ ನಂತರ.

ಇದರಿಂದ ಏನು ಸಿಗುವುದಿಲ್ಲ ಎಂದೂ ಈಗಲೇ ಹೇಳಿಬಿಡುತ್ತೇನೆ. ಟೈಮರ್ ನಿಮಗೆ ಕಥೆ ಹೊಳೆಯಿಸುವುದಿಲ್ಲ. ಅಚ್ಚಿಗೆ ಕೊಡುವಂಥ ಪ್ರತಿಯನ್ನೂ ಕೊಡುವುದಿಲ್ಲ. ಅದು ಕೊಡುವುದು ಮೊದಲ ಡ್ರಾಫ್ಟ್ ಮಾತ್ರ, ಅಂದರೆ ಕಥೆ ಮೊದಲಿನಿಂದ ಕೊನೆತನಕ ಒಮ್ಮೆ ಕಾಗದದ ಮೇಲೆ ಇಳಿದಿರುವ ಕಚ್ಚಾ ಪ್ರತಿ. ತಿದ್ದಲು ಕೈಯಲ್ಲಿ ಏನಾದರೂ ಇರಬೇಕಲ್ಲ, ಅದು.

ಏನೇನು ಬೇಕು

ಟೈಮರ್. ಫೋನಿನದ್ದು ಬೇಡ ಎನ್ನುವುದು ನನ್ನ ಸಲಹೆ. ಸಮಯ ನೋಡಲು ಫೋನ್ ಎತ್ತಿದವರು ಸಮಯ ಮಾತ್ರ ನೋಡಿ ಕೆಳಗಿಡುವುದು ಕಡಿಮೆ. ಅಡುಗೆಮನೆಯ ಟೈಮರ್ ಅಥವಾ ಅಲಾರಂ ಗಡಿಯಾರ ಸಾಕು. ಫೋನೇ ಗತಿ ಎಂದಾದರೆ ನೆಟ್ ಆಫ್ ಮಾಡಿ, ಮುಖ ಕೆಳಗೆ ಮಾಡಿ, ಕೈಗೆ ಎಟುಕದಷ್ಟು ದೂರ ಇಡಿ.

ಒಂದು ಚಿಕ್ಕ ನೋಟ್‌ಬುಕ್. ಲೆಕ್ಕ ಬರೆಯಲು ಮತ್ತು ಮುಂದಿನ ದೃಶ್ಯದ ಟಿಪ್ಪಣಿಗೆ.

ಬರೆಯುವ ಜಾಗ ಒಂದೇ ಇರಲಿ. ಅರ್ಧ ಫೋನಿನಲ್ಲಿ, ಅರ್ಧ ಲ್ಯಾಪ್‌ಟಾಪಿನಲ್ಲಿ, ಉಳಿದದ್ದು ಹಾಳೆಯಲ್ಲಿ ಎಂದಾದರೆ ಸುತ್ತಿನ ಅರ್ಧ ಹುಡುಕಾಟದಲ್ಲೇ ಹೋಗುತ್ತದೆ. ಕಂಪ್ಯೂಟರಿನಲ್ಲಿ ಬರೆಯುವುದಾದರೆ ಯೂನಿಕೋಡ್ ಕನ್ನಡದಲ್ಲೇ ಬರೆಯಿರಿ. ಹಳೆಯ ಫಾಂಟ್‌ಗಳಲ್ಲಿ ಬರೆದದ್ದು ಬೇರೆ ಕಂಪ್ಯೂಟರಿನಲ್ಲೋ ಫೋನಿನಲ್ಲೋ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಹಾಗೆ ಕಾಣುತ್ತದೆ. ಕನ್ನಡ ಟೈಪಿಂಗ್ ನಿಧಾನ ಎನ್ನುವವರು ಕೈಯಲ್ಲಿ ಬರೆಯಿರಿ, ಅದರಲ್ಲಿ ಏನೂ ತಪ್ಪಿಲ್ಲ. ಮಾತಾಡಿ ಬರೆಸುವ ಸೌಲಭ್ಯವೂ ಕನ್ನಡಕ್ಕೆ ಇದೆ. ಸಂಭಾಷಣೆ ಜಾಸ್ತಿ ಇರುವ ದೃಶ್ಯಕ್ಕೆ ಅದು ಚೆನ್ನಾಗಿ ಒಗ್ಗುತ್ತದೆ, ಆದರೆ ಪೂರ್ಣವಿರಾಮ ಮತ್ತು ಕಾಗುಣಿತವನ್ನು ಆಮೇಲೆ ಸರಿ ಮಾಡಬೇಕಾಗುತ್ತದೆ.

ಹಂತ 1: ನಿಮ್ಮ ವೇಗ ಅಳೆಯಿರಿ

ಗುರಿ ಇಟ್ಟುಕೊಳ್ಳುವ ಮುಂಚೆ ಇದು ಆಗಬೇಕು. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ, 15 ನಿಮಿಷದ ಮೂರು ಸುತ್ತು ಬರೆಯಿರಿ. ಜಾಸ್ತಿ ಬರೆಯಬೇಕೆಂದು ಹೆಣಗಬೇಡಿ. ಮಾಮೂಲಿ ಹೇಗೆ ಬರುತ್ತದೋ ಹಾಗೆ. ಪ್ರತಿ ಸಲ ಎಷ್ಟು ಪದ ಆಯಿತು ನೋಡಿ, ಮೂರನ್ನೂ ಕೂಡಿ ಮೂರರಿಂದ ಭಾಗಿಸಿ. 180, 240, 180 ಬಂದರೆ ನಿಮ್ಮ ವೇಗ 15 ನಿಮಿಷಕ್ಕೆ 200 ಪದ.

ಕೈಬರಹದವರು ಒಂದೊಂದೇ ಪದ ಎಣಿಸುತ್ತಾ ಕೂರಬೇಡಿ. ನಿಮ್ಮ ಒಂದು ಪುಟದಲ್ಲಿ ಸುಮಾರು ಎಷ್ಟು ಪದ ಹಿಡಿಯುತ್ತದೆ ಎಂದು ಒಮ್ಮೆ ಎಣಿಸಿಟ್ಟುಕೊಳ್ಳಿ, ಆಮೇಲೆ ಪುಟದ ಲೆಕ್ಕ ಸಾಕು.

ಇಲ್ಲಿ ಎಡವುವುದು ಎಲ್ಲಿ ಅಂದರೆ, ಬೇರೆಯವರ ಸಂಖ್ಯೆಯ ಪಕ್ಕ ನಿಮ್ಮದನ್ನು ಇಟ್ಟು ನೋಡಿದಾಗ. ಅದರಲ್ಲೂ ಇಂಗ್ಲಿಷಿನಲ್ಲಿ ಬರೆಯುವವರ ಸಂಖ್ಯೆ ನೋಡಿ ಕಂಗಾಲಾಗಬೇಡಿ. ಕನ್ನಡದಲ್ಲಿ ವಿಭಕ್ತಿ, ಕ್ರಿಯಾಪದದ ಪ್ರತ್ಯಯ ಎಲ್ಲ ಪದದೊಳಗೇ ಸೇರಿಕೊಳ್ಳುತ್ತವೆ, ಹಾಗಾಗಿ ಅದೇ ವಿಷಯಕ್ಕೆ ನಮಗೆ ಕಡಿಮೆ ಪದ ಸಾಕು. ನಿಮ್ಮ 200 ನಿಜವಾಗಿ ತೂಕದ 200.

ಹಂತ 2: ಆ ವೇಗದಿಂದ ಗುರಿ ಕಟ್ಟಿ

ಬಹಳ ಜನ ಉಲ್ಟಾ ಮಾಡುತ್ತಾರೆ. ಮೊದಲು 50,000 ಎಂಬ ಸಂಖ್ಯೆ ಹಿಡಿದು, ಅದನ್ನು 30ರಿಂದ ಭಾಗಿಸಿ, ದಿನಕ್ಕೆ 1,667 ಎಂದು ಗೋಡೆಗೆ ಅಂಟಿಸಿಕೊಳ್ಳುತ್ತಾರೆ. 15 ನಿಮಿಷಕ್ಕೆ 200 ಪದ ಬರೆಯುವವರಿಗೆ ಅದು ದಿನಕ್ಕೆ ಎಂಟು ಸುತ್ತಿಗೂ ಮೇಲೆ, ಅಂದರೆ ವಿರಾಮ ಬಿಟ್ಟೂ ಎರಡು ಗಂಟೆ ದಾಟುತ್ತದೆ. ಒಂದು ದಿನ ಮಾಡಬಹುದು. ನೌಕರಿ, ಮನೆ, ಮಕ್ಕಳು ಇಟ್ಟುಕೊಂಡು ಮೂವತ್ತು ದಿನ ಮಾಡುವುದು ಎಲ್ಲರ ಕೈಲೂ ಆಗುವಂಥದ್ದಲ್ಲ.

ಈ ಕಡೆಯಿಂದ ಲೆಕ್ಕ ಹಾಕಿ: ನಿಮಗೆ ದಿನಕ್ಕೆ ಖಾತ್ರಿಯಾಗಿ ಸಿಗುವ ಸಮಯ ಎಷ್ಟು? ಎರಡು ಸುತ್ತು ಅನ್ನಿ. 400 ಪದ. ವಾರಕ್ಕೆ ಐದೇ ದಿನ ಹಿಡಿಯಿರಿ, 2,000. ನೀವು 40,000 ಪದದ ಕಾದಂಬರಿ ಯೋಚಿಸಿದ್ದರೆ 20 ವಾರ. ಐದು ತಿಂಗಳ ಒಳಗೆ ಇಡೀ ಡ್ರಾಫ್ಟ್. ವರ್ಷಗಟ್ಟಲೆ ಮೂರನೇ ಅಧ್ಯಾಯದಲ್ಲಿ ನಿಂತವರಿಗೆ ಇದು ಕಡಿಮೆಯೇ?

ವಾರದ ಉಳಿದ ಎರಡು ದಿನ ರಜೆ ಅಲ್ಲ, ಮೀಸಲು. ಜ್ವರ ಬರುತ್ತದೆ, ನೆಂಟರು ಬರುತ್ತಾರೆ, ಆಫೀಸಿನಲ್ಲಿ ತಡವಾಗುತ್ತದೆ. ತಪ್ಪಿದ ದಿನಕ್ಕೆ ಆ ಎರಡರಲ್ಲಿ ಒಂದನ್ನು ಕೊಡಿ. ಮೀಸಲೂ ಮುಗಿದರೆ? ಆ ಪದಗಳನ್ನು ಬಿಟ್ಟುಬಿಡಿ, ಕೊನೆಯ ತಾರೀಖನ್ನು ಮುಂದೆ ಹಾಕಿ. ಬಾಕಿ ತೀರಿಸಲು ಮರುದಿನ ದುಪ್ಪಟ್ಟು ಬರೆಯುತ್ತೇನೆ ಎನ್ನುವುದೇ ಈ ಪದ್ಧತಿಯನ್ನು ಕೊಲ್ಲುವ ಮಾತು. ಒಂದು ದಿನದ ಬಾಕಿ ಎರಡಾಗಿ, ಎರಡು ನಾಲ್ಕಾಗಿ, ಕೊನೆಗೆ ನೋಟ್‌ಬುಕ್ ತೆರೆಯಲಿಕ್ಕೇ ಮನಸ್ಸು ಹಿಂಜರಿಯುತ್ತದೆ.

ಹಂತ 3: ಟೈಮರ್ ಒತ್ತುವ ಮುಂಚಿನ ಐದು ನಿಮಿಷ

ಬರೆಯಲು ಕೂತಾಗ ನಾವು ಒಟ್ಟೊಟ್ಟಿಗೆ ಎರಡು ಕೆಲಸ ಮಾಡುತ್ತಿರುತ್ತೇವೆ. ಏನಾಗಬೇಕು ಎಂದು ನಿರ್ಧರಿಸುವುದು ಒಂದು, ಅದನ್ನು ಮಾತಿನಲ್ಲಿ ಇಳಿಸುವುದು ಇನ್ನೊಂದು. ಟೈಮರ್ ಎರಡನೆಯದಕ್ಕೆ ಮಾತ್ರ ವೇಗ ಕೊಡುತ್ತದೆ. ಮೊದಲನೆಯದು ಇನ್ನೂ ಆಗಿಲ್ಲದಿದ್ದರೆ ಗಡಿಯಾರದ ಟಿಕ್ ಟಿಕ್ ಸುಮ್ನೆ ಎದೆಬಡಿತ ಜಾಸ್ತಿ ಮಾಡುತ್ತದೆ, ಅಷ್ಟೇ. ಆಗ ನೀವು ಬರೆಯುವುದು ಮಳೆಯ ವರ್ಣನೆ, ಕಿಟಕಿಯ ವರ್ಣನೆ, ನಾಯಕಿ ಹಾಸಿಗೆಯಿಂದ ಎದ್ದು ಹಲ್ಲುಜ್ಜಿದ ವರ್ಣನೆ. ಪದ ತುಂಬುತ್ತದೆ, ಕಥೆ ಅಲ್ಲೇ ಕೂತಿರುತ್ತದೆ.

ಹಾಗಾಗಿ ಮೊದಲು ನೋಟ್‌ಬುಕ್ ತೆಗೆದು ನಾಲ್ಕು ಪ್ರಶ್ನೆಗೆ ಒಂದೊಂದು ಸಾಲಿನ ಉತ್ತರ ಬರೆಯಿರಿ:

ಈ ದೃಶ್ಯದಲ್ಲಿ ಯಾರು ಯಾರಿದ್ದಾರೆ, ಎಲ್ಲಿದ್ದಾರೆ?
ಒಬ್ಬರಿಗೆ ಏನು ಬೇಕಾಗಿದೆ?
ಅದಕ್ಕೆ ಅಡ್ಡ ಏನು ಅಥವಾ ಯಾರು?
ದೃಶ್ಯ ಮುಗಿಯುವಾಗ ಏನು ಬದಲಾಗಿರುತ್ತದೆ?

ಉದಾಹರಣೆಗೆ "ಇವತ್ತು ಏಳನೇ ಅಧ್ಯಾಯ ಬರೆಯಬೇಕು" ಎಂದು ಬರೆದುಕೊಂಡರೆ ಅದು ಏನೂ ಅಲ್ಲ. "ಅಣ್ಣ ತಮ್ಮನ ಬಗ್ಗೆ ಬರೆಯಬೇಕು" ಎಂಬುದೂ ಸಾಲದು. ಹೀಗೆ ಬರೆದು ನೋಡಿ: "ತಮ್ಮನ ಅಂಗಡಿ, ಸಂಜೆ. ಅಣ್ಣ ಸಾಲ ಕೇಳಲು ಬಂದಿದ್ದಾನೆ. ತಮ್ಮನಿಗೆ ಗೊತ್ತಾಗಿಬಿಟ್ಟಿದೆ, ಅದಕ್ಕೇ ಮಾತು ಅಲ್ಲಿಗೆ ಬರದ ಹಾಗೆ ನೋಡಿಕೊಳ್ಳುತ್ತಿದ್ದಾನೆ. ಅಣ್ಣ ಕೇಳದೆಯೇ ಎದ್ದು ಹೋಗುತ್ತಾನೆ, ಇನ್ನು ಇವನ ಹತ್ತಿರ ಬರುವುದಿಲ್ಲ ಎಂದುಕೊಳ್ಳುತ್ತಾನೆ." ಇಷ್ಟಿದ್ದರೆ ಟೈಮರ್ ಒತ್ತಿದ ಮೊದಲ ನಿಮಿಷದಲ್ಲೇ ತಮ್ಮ ಬಾಯಿ ತೆರೆಯುತ್ತಾನೆ, ವ್ಯಾಪಾರ ಹೇಗೆ ಬಿದ್ದುಹೋಗಿದೆ ಎಂದು ಶುರು ಮಾಡುತ್ತಾನೆ. ನೀವು ಹಿಂದೆ ಹಿಂದೆ ಬರೆಯುತ್ತಾ ಹೋಗುವುದು.

"ಮೊದಲೇ ಗೊತ್ತಿದ್ದರೆ ಬರೆಯುವ ಮಜಾ ಹೋಗುತ್ತದೆ, ನಾನು ಯೋಜನೆ ಹಾಕುವವನಲ್ಲ" ಎನ್ನುವವರಿದ್ದಾರೆ. ಅವರ ಮಾತನ್ನು ನಾನು ಒಪ್ಪುತ್ತೇನೆ. ಇಡೀ ಕಾದಂಬರಿಯ ನಕ್ಷೆ ಬೇಡ. ನಾನು ಕೇಳುತ್ತಿರುವುದು ಮುಂದಿನ ಇಪ್ಪತ್ತು ನಿಮಿಷದ್ದು ಮಾತ್ರ. ನಾಲ್ಕನೇ ಪ್ರಶ್ನೆಗೆ ಉತ್ತರ ಖಾಲಿ ಬಿಟ್ಟರೂ ಪರವಾಗಿಲ್ಲ, ಆದರೆ ಎರಡನೆಯದು ಮತ್ತು ಮೂರನೆಯದು ಬೇಕೇ ಬೇಕು. ಬರೆಯುತ್ತಾ ಅಣ್ಣ ನಿಮ್ಮ ಮಾತು ಮೀರಿ ಸಾಲ ಕೇಳಿಯೇಬಿಟ್ಟರೆ? ಕೇಳಲಿ. ಟಿಪ್ಪಣಿ ಇರುವುದು ಬರವಣಿಗೆ ಹೊರಡಲಿಕ್ಕೆ, ಅದನ್ನು ಕಟ್ಟಿಹಾಕಲಿಕ್ಕಲ್ಲ.

ಮುಂದೇನು ಎಂದು ನಿಜವಾಗಿಯೂ ಗೊತ್ತಿಲ್ಲದ ದಿನ ಬರವಣಿಗೆಯ ಸುತ್ತು ಬೇಡ, ಯೋಚನೆಯ ಸುತ್ತು ಮಾಡಿ. ಅದೇ ಟೈಮರ್, 15 ನಿಮಿಷ. "ಇಲ್ಲಿಂದ ಮುಂದೆ ಏನೇನು ಆಗಬಹುದು" ಎಂದು ತಲೆಬರಹ ಹಾಕಿ ಹತ್ತು ಸಾಧ್ಯತೆ ಪಟ್ಟಿ ಮಾಡಿ. ಮೊದಲ ಮೂರು ಎಲ್ಲರಿಗೂ ಹೊಳೆಯುವಂಥವು. ಆರನೆಯದೋ ಏಳನೆಯದೋ ಬರುವ ಹೊತ್ತಿಗೆ ಪಾತ್ರದ ಬಗ್ಗೆ ನಿಮಗೇ ಗೊತ್ತಿಲ್ಲದ ಏನೋ ಹೊರಗೆ ಬರುತ್ತದೆ. ಆ ದಿನ ಪದದ ಲೆಕ್ಕ ಸೊನ್ನೆ ಆದರೂ ನೋಟ್‌ಬುಕ್ಕಿನಲ್ಲಿ ಒಂದು ಸುತ್ತು ಎಂದೇ ಗುರುತು ಹಾಕಿ. ಅದೂ ಕಾದಂಬರಿಯ ಕೆಲಸವೇ.

ಹಂತ 4: ಸುತ್ತಿನ ಒಳಗೆ

ಎಷ್ಟು ನಿಮಿಷ? ಹೊಸಬರು 15ರಿಂದ ಶುರು ಮಾಡಿ, ಅಭ್ಯಾಸ ಆದಮೇಲೆ 20 ಅಥವಾ 25. ಈ 25ರ ಲೆಕ್ಕ ಪೊಮೊಡೊರೊ ಪದ್ಧತಿಯಿಂದ ಬಂದದ್ದು. 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ವಿದ್ಯಾರ್ಥಿಯಾಗಿದ್ದಾಗ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಓದುತ್ತಿದ್ದರು, ಹೆಸರು ಅದರಿಂದಲೇ. 25 ನಿಮಿಷ ಕೆಲಸ, 5 ನಿಮಿಷ ವಿರಾಮ. ಅರ್ಧ ಗಂಟೆ ಮೀರಿದ ಸುತ್ತು ನನ್ನ ಮಟ್ಟಿಗೆ ಸ್ಪ್ರಿಂಟ್ ಅಲ್ಲ. ಸಮಯ ತುಂಬಾ ಇದೆ ಎನ್ನುವ ಭಾವನೆ ಬಂದ ತಕ್ಷಣ ಮನಸ್ಸು ಅಲೆಯಲು ಹೊರಡುತ್ತದೆ.

ಒಳಗಿನ ನಿಯಮಗಳು ಕಡಿಮೆ, ಆದರೆ ಕಟ್ಟುನಿಟ್ಟು.

ಹಿಂದಕ್ಕೆ ಹೋಗಬೇಡಿ. ಕಾಗುಣಿತ ತಪ್ಪಾಯಿತಾ, ಇರಲಿ. ವಾಕ್ಯ ಒಡ್ಡೊಡ್ಡಾಗಿದೆಯಾ, ಅದರ ಮುಂದೆ ಇನ್ನೊಂದು ವಾಕ್ಯ ಬರೆಯಿರಿ, ಹಳೆಯದನ್ನು ಅಳಿಸಬೇಡಿ. ಎರಡರಲ್ಲಿ ಯಾವುದು ಒಳ್ಳೆಯದು ಎಂದು ಆಮೇಲೆ ನೋಡಿದರಾಯಿತು.

ಏನನ್ನೂ ಹುಡುಕಲು ಹೋಗಬೇಡಿ. ಊರಿನ ಹೆಸರು, ಔಷಧಿಯ ಹೆಸರು, ಆ ಕಾಲದಲ್ಲಿ ಬಸ್ ಇತ್ತಾ ಇಲ್ಲವಾ, ಇಂಥದ್ದು ಬಂದಾಗ ಒಂದು ಗುರುತು ಹಾಕಿ ಮುಂದೆ ಹೋಗಿ. ಕನ್ನಡದಲ್ಲಿ ಬರೆಯುವವರಿಗೆ "ಠಠ" ಒಳ್ಳೆಯ ಗುರುತು. ಯಾವ ಪದದಲ್ಲೂ ಎರಡು ಠ ಹೀಗೆ ಅಕ್ಕಪಕ್ಕ ಬರುವುದಿಲ್ಲ, ಹಾಗಾಗಿ ಆಮೇಲೆ ಫೈಲಿನಲ್ಲಿ ಹುಡುಕಿದರೆ ನೀವು ಬಿಟ್ಟ ಜಾಗಗಳು ಮಾತ್ರ ಸಿಗುತ್ತವೆ. "ಅವನು ಠಠ ಸ್ಟೇಷನ್ನಿನಲ್ಲಿ ಇಳಿದಾಗ ರಾತ್ರಿ ಹತ್ತಾಗಿತ್ತು." ಅಷ್ಟೇ, ಮುಂದಿನ ವಾಕ್ಯಕ್ಕೆ ನಡೆಯಿರಿ.

ಕಥೆ ಮಧ್ಯದಲ್ಲಿ ಬದಲಾದರೆ, ಬದಲಾದ ಹಾಗೇ ಬರೆಯಿರಿ. ತಂಗಿ ಪಾತ್ರ ಬೇಡ, ಅಕ್ಕ ಇದ್ದರೆ ಚೆನ್ನ ಎಂದು ಎಂಟನೇ ಅಧ್ಯಾಯದಲ್ಲಿ ಹೊಳೆದರೆ, ಅಲ್ಲಿಂದ ಮುಂದೆ ಅವಳು ಅಕ್ಕ. ನೋಟ್‌ಬುಕ್ಕಿನಲ್ಲಿ "1ರಿಂದ 7, ತಂಗಿಯನ್ನು ಅಕ್ಕ ಮಾಡು" ಎಂದು ಒಂದು ಸಾಲು. ಹಿಂದಿನ ಏಳು ಅಧ್ಯಾಯ ಈಗಲೇ ತಿದ್ದಲು ಹೋದವರು ಎಂಟನೆಯದಕ್ಕೆ ವಾಪಸ್ ಬರುವುದೇ ಕಷ್ಟ. ಎಷ್ಟೋ ಕಾದಂಬರಿ ನಿಂತುಹೋಗುವುದು ಇಲ್ಲೇ.

ನಡುವೆ ಕೈ ನಿಂತರೆ ವರ್ಣನೆ ಬಿಟ್ಟು ಬರೀ ಮಾತು ಬರೆಯಿರಿ, ನಾಟಕದ ಹಾಗೆ. ಅದೂ ಬರದಿದ್ದರೆ "ಇಲ್ಲಿ ಆಗಬೇಕಾದದ್ದು ಏನೆಂದರೆ" ಎಂದು ಶುರು ಮಾಡಿ ನಿಮಗೆ ನೀವೇ ಹೇಳಿಕೊಳ್ಳುವ ಹಾಗೆ ಬರೆಯುತ್ತಾ ಹೋಗಿ. ಕೈ ನಿಲ್ಲಿಸದೆ ಬರೆಯುವ ಈ ಅಭ್ಯಾಸಕ್ಕೆ ಫ್ರೀರೈಟಿಂಗ್ ಎನ್ನುತ್ತಾರೆ. 1970ರ ದಶಕದಲ್ಲಿ ಅಮೆರಿಕದ ಪೀಟರ್ ಎಲ್ಬೋ ಎಂಬ ಮೇಷ್ಟ್ರು ಇದನ್ನು ಬಹಳ ಜನಕ್ಕೆ ಕಲಿಸಿದರು. ಕೆಲವೇ ಸಾಲಿನಲ್ಲಿ ನೀವು ಮತ್ತೆ ಕಥೆಯೊಳಗೆ ಬಂದಿರುತ್ತೀರಿ.

ಎರಡು ಎಚ್ಚರಿಕೆ. ಬರೆಯುವುದು ಕೆಲವು ಸೆಕೆಂಡು ನಿಲ್ಲಿಸಿದರೆ ಅದುವರೆಗೆ ಬರೆದದ್ದನ್ನೆಲ್ಲ ಅಳಿಸಿಹಾಕುವ ಆ್ಯಪ್‌ಗಳಿವೆ. ಹೆದರಿಸಿ ಬರೆಸುವುದು ಅದರ ಉದ್ದೇಶ. ಕಾದಂಬರಿಗೆ ಅದನ್ನು ಬಳಸಬೇಡಿ. ಬಾಗಿಲು ತಟ್ಟಿದರು ಎಂದು ಎದ್ದರೆ ಒಂದು ಒಳ್ಳೆಯ ದೃಶ್ಯ ಹೋಯಿತು, ಅದು ಮತ್ತೆ ಅದೇ ರೂಪದಲ್ಲಿ ಬರುವುದಿಲ್ಲ. ಇನ್ನೊಂದು, ಸಂಖ್ಯೆ ಹೆಚ್ಚಿಸಲು ಪದ ಉಬ್ಬಿಸುವುದು. ಪಾತ್ರಕ್ಕೆ ಸುಮ್ಮನೆ ಉದ್ದ ಹೆಸರು, ಹೇಳಿದ್ದನ್ನೇ ಮೂರು ಸಲ ಹೇಳುವುದು. ಆ ಪದಗಳನ್ನು ಅಳಿಸಬೇಕಾದವರೂ ನೀವೇ ಎಂದು ನೆನಪಿರಲಿ.

ಹಂತ 5: ಟೈಮರ್ ಹೊಡೆದ ಮೇಲೆ

ವಾಕ್ಯ ಅರ್ಧಕ್ಕೆ ನಿಂತಿದ್ದರೆ ಮುಗಿಸಿ, ಇಲ್ಲವೇ ಬೇಕೆಂದೇ ಅರ್ಧಕ್ಕೆ ಬಿಡಿ. ಮುಂದೇನು ಎಂದು ಗೊತ್ತಿರುವಾಗಲೇ ನಿಲ್ಲಿಸಬೇಕು, ಆಗ ಮರುದಿನ ಶುರು ಮಾಡುವುದು ಸುಲಭ ಎಂದು ಅಮೆರಿಕದ ಕಾದಂಬರಿಕಾರ ಹೆಮಿಂಗ್ವೆ ಹೇಳುತ್ತಿದ್ದರು. ದಿನದ ಕೊನೆಯ ಸುತ್ತಿಗೆ ಇದು ತುಂಬಾ ಒಳ್ಳೆಯ ಸಲಹೆ. ನೋಟ್‌ಬುಕ್ಕಿನಲ್ಲಿ ಮೂರು ವಿಷಯ: ತಾರೀಖು, ಎಷ್ಟು ಪದ, ಮುಂದಿನ ದೃಶ್ಯಕ್ಕೆ ಒಂದು ಸಾಲು. ಆ ಒಂದು ಸಾಲು ನಾಳೆಯ 3ನೇ ಹಂತದ ಅರ್ಧ ಕೆಲಸ.

ಆಮೇಲೆ ಎದ್ದೇಳಿ. ಐದು ನಿಮಿಷ. ನೀರು ಕುಡಿಯಿರಿ, ಮಣಿಕಟ್ಟು ತಿರುಗಿಸಿ, ದೂರ ನೋಡಿ. ಪರದೆ ಮುಂದೆ ಕೂರುವವರಿಗೆ ಕಣ್ಣಿನ ಡಾಕ್ಟರುಗಳು ಹೇಳುವ ಒಂದು ನಿಯಮ ಇದೆ: 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡು ನೋಡುವುದು. 20 ನಿಮಿಷದ ಸುತ್ತಿಗೆ ಇದು ಸರಿಯಾಗಿ ಹೊಂದುತ್ತದೆ. ವಿರಾಮದಲ್ಲಿ ಈಗಷ್ಟೇ ಬರೆದದ್ದನ್ನು ಓದಬೇಡಿ. ಓದಿದರೆ ತಿದ್ದಬೇಕು ಅನ್ನಿಸುತ್ತದೆ, ಎರಡನೇ ಸುತ್ತು ಅಲ್ಲಿಗೆ ಮುಗಿಯಿತು. ಫೋನಂತೂ ಬೇಡವೇ ಬೇಡ. ಮರುದಿನ ಶುರು ಮಾಡುವಾಗ ಕೊನೆಯ ಒಂದು ಪುಟ ಓದಿ, ಸಾಕು.

ದಿನ ಮುಗಿಸುವಾಗ ಫೈಲಿನ ಒಂದು ಪ್ರತಿ ಬೇರೆ ಕಡೆ ಇಡಿ. ಮೇಲ್‌ನಲ್ಲಿ ನಿಮಗೆ ನೀವೇ ಕಳಿಸಿಕೊಂಡರೂ ಆಯಿತು. ಕೈಬರಹದವರು ಪುಟದ ಫೋಟೊ ತೆಗೆದಿಡಿ.

ಹಂತ 6: ಜೊತೆಗೆ ಬರೆಯುವವರನ್ನು ಹುಡುಕಿ

ಕಡ್ಡಾಯ ಏನಲ್ಲ. ಆದರೆ ಒಬ್ಬರೇ ಇದ್ದಾಗ "ಇವತ್ತು ಬೇಡ" ಎನ್ನುವುದು ಸುಲಭ, ರಾತ್ರಿ ಒಂಬತ್ತಕ್ಕೆ ಇನ್ನೊಬ್ಬರು ಕಾಯುತ್ತಿದ್ದಾರೆ ಎಂದರೆ ಕಷ್ಟ. ಇಬ್ಬರು ಮೂವರು ಸಾಕು. ಕಾದಂಬರಿಯೇ ಬರೆಯಬೇಕೆಂದೂ ಇಲ್ಲ, ಪ್ರಬಂಧ ಬರೆಯುವವರೂ ಆದೀತು. ವಿಡಿಯೋ ಕಾಲ್ ಹಾಕಿ ಮೈಕ್ ಆಫ್ ಮಾಡಿ, ಒಬ್ಬರು ಶುರು ಎನ್ನಲಿ, ಮುಗಿದಾಗ ಎಲ್ಲರೂ ಸಂಖ್ಯೆ ಹೇಳಲಿ.

ಎರಡು ಒಪ್ಪಂದ ಮೊದಲೇ ಆಗಿರಲಿ. ಬರೆದದ್ದನ್ನು ಓದಿ ತೋರಿಸುವುದು ಇಲ್ಲ. ಕಚ್ಚಾ ಪ್ರತಿಗೆ ಯಾರೋ ಒಂದು ಮಾತು ಅಂದರೆ, ಅದು ಹೊಗಳಿಕೆಯೇ ಆಗಿದ್ದರೂ, ಮುಂದಿನ ಸುತ್ತಿನಲ್ಲಿ ನೀವು ಅವರಿಗಾಗಿ ಬರೆಯಲು ಶುರು ಮಾಡುತ್ತೀರಿ. ಇನ್ನೊಂದು, ಯಾರದು ಜಾಸ್ತಿ ಎಂಬ ಪೈಪೋಟಿ ಇಲ್ಲ. ಪೈಪೋಟಿಯಿಂದ ಹುರುಪು ಬರುವವರಿದ್ದಾರೆ, ನಿಜ. ಆದರೆ ನಾಲ್ಕು ದಿನ ಸತತವಾಗಿ ಕೊನೆಗೆ ಬಂದವರು ಐದನೇ ದಿನ ಬರುವುದಿಲ್ಲ. ಅವರನ್ನು ಕಳೆದುಕೊಳ್ಳುವುದು ಬೇಡ.

ಹಂತ 7: ತಿಂಗಳ ಸವಾಲಿಗೆ ಇಳಿಯುವುದಾದರೆ

ಮೇಲಿನ ಹಂತಗಳನ್ನು ಮೂರ್ನಾಲ್ಕು ವಾರ ಮಾಡಿ ಕೈ ಕುದುರಿದ ಮೇಲೆ ಇಳಿಯಿರಿ. ಮೊದಲ ದಿನವೇ ಇಳಿಯುವುದು ಬೇಡ. ಮನೆಯಲ್ಲಿ ಮದುವೆ, ಪರೀಕ್ಷೆ, ಆಫೀಸಿನ ವರ್ಷಾಂತ್ಯದ ಲೆಕ್ಕ ಇಲ್ಲದ ತಿಂಗಳು ಆರಿಸಿಕೊಳ್ಳಿ. ನವೆಂಬರೇ ಆಗಬೇಕೆಂದಿಲ್ಲ. ಅದರ ಹಿಂದಿನ ವಾರಗಳಲ್ಲಿ ದೃಶ್ಯಗಳ ಪಟ್ಟಿ ಮಾಡಿಟ್ಟುಕೊಳ್ಳಿ, ದೃಶ್ಯಕ್ಕೆ ಒಂದೊಂದು ಸಾಲು. ಇಪ್ಪತ್ತು ಸಿಕ್ಕರೂ ಸಾಕು, ಉಳಿದದ್ದು ದಾರಿಯಲ್ಲಿ ಸಿಗುತ್ತದೆ. ಮನೆಯವರಿಗೂ ಮೊದಲೇ ಹೇಳಿ: ಇಂಥ ತಿಂಗಳು, ಇಂಥ ಹೊತ್ತು, ನನ್ನನ್ನು ಕರೆಯಬೇಡಿ ಎಂದು.

ಗುರಿ 50,000ವೇ ಇರಬೇಕಿಲ್ಲ. 15,000 ಇಟ್ಟುಕೊಳ್ಳಿ, ಇಲ್ಲವೇ "ತಿಂಗಳಿಗೆ 40 ಸುತ್ತು" ಎಂದಿಟ್ಟುಕೊಳ್ಳಿ. ನಾನು ಸುತ್ತಿನ ಲೆಕ್ಕವನ್ನೇ ಹೆಚ್ಚು ನಂಬುತ್ತೇನೆ. ಎಷ್ಟು ಪದ ಬರುತ್ತದೆ ಎನ್ನುವುದು ನಮ್ಮ ಕೈಯಲ್ಲಿ ಪೂರ್ತಿ ಇರುವುದಿಲ್ಲ, ಕೂರುವುದು ಇರುತ್ತದೆ. ಅರ್ಧ ಬರೆದ ಕಾದಂಬರಿ ಇಟ್ಟುಕೊಂಡು ಸವಾಲಿಗೆ ಬರಬಹುದಾ ಎಂದು ಕೇಳುತ್ತಾರೆ. ಖಂಡಿತ ಬರಬಹುದು. ಹೊಸದಾಗಿಯೇ ಶುರು ಮಾಡಬೇಕೆಂದು ಹಟ ಮಾಡಿ ಇನ್ನೊಂದು ಅರ್ಧ ಕಾದಂಬರಿ ಸೃಷ್ಟಿಸುವುದಕ್ಕಿಂತ ಅದು ಎಷ್ಟೋ ಮೇಲು. ಒಂದೇ ಕೆಲಸ: ಹಳೆಯ ಅಧ್ಯಾಯಗಳನ್ನು ತಿಂಗಳು ಶುರುವಾಗುವ ಮುಂಚೆ ಒಮ್ಮೆ ಓದಿ, ತಿದ್ದದೆ, ಟಿಪ್ಪಣಿ ಮಾತ್ರ ಮಾಡಿ.

ಎರಡನೇ ವಾರ ಕಷ್ಟವಾಗುತ್ತದೆ, ಸಿದ್ಧರಾಗಿರಿ. ಶುರುವಿನ ಹುರುಪು ಇಳಿದಿರುತ್ತದೆ, ಕೊನೆ ಇನ್ನೂ ಕಾಣುತ್ತಿರುವುದಿಲ್ಲ, ಕಥೆ ನೀರಸ ಅನ್ನಿಸುತ್ತದೆ, ಇನ್ನೊಂದು ಹೊಸ ಕಥೆ ತುಂಬಾ ಚೆಂದ ಕಾಣಲು ಶುರುವಾಗುತ್ತದೆ. ಹೊಸ ಕಥೆಯನ್ನು ಒಂದು ಪುಟದಲ್ಲಿ ಬರೆದು ಮಡಚಿಡಿ. ಹಳೆಯದರಲ್ಲಿ ನೀವು ಬರೆಯಲು ಕಾಯುತ್ತಿದ್ದ ದೃಶ್ಯ ಒಂದು ಇದ್ದೇ ಇರುತ್ತದೆ, ಜಗಳವೋ ಭೇಟಿಯೋ ಸಾವೋ. ಅದಕ್ಕೆ ನೇರ ಹಾರಿ. ಕ್ರಮವಾಗಿಯೇ ಬರೆಯಬೇಕೆಂದು ಯಾವ ನಿಯಮವೂ ಇಲ್ಲ. ನಡುವಿನ ಜಾಗಕ್ಕೆ ಠಠ ಇದೆಯಲ್ಲ.

ಸುತ್ತುಗಳು ಸತತವಾಗಿ ತಪ್ಪುತ್ತಿದ್ದರೆ ಗುರಿ ಇಳಿಸಿ. ನಿದ್ದೆ ಬಿಟ್ಟು, ಊಟ ಬಿಟ್ಟು, ಕೈ ನೋವನ್ನು ತಡೆದುಕೊಂಡು ಬರೆಯುವಂಥದ್ದು ಇದರಲ್ಲಿ ಏನೂ ಇಲ್ಲ. ಮಣಿಕಟ್ಟು ಅಥವಾ ಬೆರಳು ಜೋಮು ಹಿಡಿಯಲು ಶುರುವಾದರೆ ನಿಲ್ಲಿಸಿ, ಮುಂದುವರಿದರೆ ಡಾಕ್ಟರಿಗೆ ತೋರಿಸಿ.

ಹಂತ 8: ಡ್ರಾಫ್ಟ್ ಮುಗಿದ ಮೇಲೆ ಟೈಮರ್ ಬೇಕಾ?

ಬೇಕು, ಆದರೆ ಬೇರೆ ರೀತಿ. ಮೊದಲು ಕೆಲವು ವಾರ ಡ್ರಾಫ್ಟ್ ಮುಟ್ಟಬೇಡಿ. ಆಮೇಲೆ ಬೇರೆಯವರ ಪುಸ್ತಕ ಓದುವ ಹಾಗೆ, ಪೆನ್ನು ದೂರ ಇಟ್ಟು, ಒಮ್ಮೆ ಪೂರ್ತಿ ಓದಿ.

ತಿದ್ದುವಾಗ ಪದದ ಲೆಕ್ಕ ಬೇಡ. ತಿದ್ದುವುದೆಂದರೆ ಎಷ್ಟೋ ಸಲ ಕಡಿಮೆ ಮಾಡುವುದೇ. ಸುತ್ತಿಗೆ ಒಂದು ಪ್ರಶ್ನೆ ಎಂದು ಇಟ್ಟುಕೊಳ್ಳಿ. ಒಂದು ಸುತ್ತು ಠಠಗಳನ್ನು ಹುಡುಕಿ ತುಂಬಲು. ಒಂದು ಸುತ್ತು ತಂಗಿಯನ್ನು ಅಕ್ಕ ಮಾಡಲು. ಒಂದು ಸುತ್ತು ಒಂದು ದೃಶ್ಯದ ಸಂಭಾಷಣೆಯನ್ನು ಗಟ್ಟಿಯಾಗಿ ಓದಿ, ಜನ ಹಾಗೆ ಮಾತಾಡುತ್ತಾರಾ ಎಂದು ಕೇಳಿಸಿಕೊಳ್ಳಲು. ಮೊದಲು ಕಥೆಯ ಮಟ್ಟದ ತಿದ್ದುಪಡಿ, ಅಂದರೆ ಯಾವ ದೃಶ್ಯ ಇರಬೇಕು, ಯಾವುದು ಹೋಗಬೇಕು. ವಾಕ್ಯ ಮತ್ತು ಕಾಗುಣಿತ ಕೊನೆಗೆ, ಇಲ್ಲದಿದ್ದರೆ ಆಮೇಲೆ ತೆಗೆದುಹಾಕುವ ದೃಶ್ಯದ ಕಾಗುಣಿತ ತಿದ್ದುತ್ತಾ ದಿನ ಕಳೆಯುತ್ತೀರಿ.

ಇನ್ನು ಕೆಲವು ಪುಟಗಳಿಗೆ ಟೈಮರ್ ಒಗ್ಗುವುದೇ ಇಲ್ಲ. ಕಾದಂಬರಿಯ ಮೊದಲ ಪುಟ, ಕೊನೆಯ ಪುಟ, ಒಂದೊಂದು ಪದಕ್ಕೂ ತೂಕ ಇರುವ ಒಂದೆರಡು ದೃಶ್ಯ. ಡ್ರಾಫ್ಟಿನಲ್ಲಿ ಅವನ್ನೂ ಸುತ್ತಿನಲ್ಲೇ ಬರೆದು ಮುಂದೆ ಹೋಗಿ. ತಿದ್ದುವಾಗ ಮಾತ್ರ ಗಡಿಯಾರ ಪಕ್ಕದ ಕೋಣೆಯಲ್ಲಿಟ್ಟು, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅವುಗಳ ಜೊತೆ ಕೂರಿ.